ಮಂಚದ ಎತ್ತರ

ನಾನು ಹುಟ್ಟಿದ ವರ್ಷ ಅಪ್ಪ ಸಾವಿರ ಸಿ.ಡಿ. ಅಚ್ಚು ಹಾಕಿಸಿದ್ದ.
ನಾನೂರು ಹೇಗೋ ಹೋದವು. ಉಳಿದ ಆರುನೂರು
ಇಪ್ಪತ್ತನಾಲ್ಕು ರಟ್ಟಿನ ಪೆಟ್ಟಿಗೆಗಳಾಗಿ
ಮುಂದೆ ನನ್ನ ಮಂಚವಾದವು:
ಆರು ಕಾಲು, ಕಾಲಿಗೆ ನಾಲ್ಕು ಪೆಟ್ಟಿಗೆ,
ಮೇಲೆ ಯಾರದೋ ಮನೆಯ ಹಳೇ ಬಾಗಿಲು.
ಅದರ ಹಿಡಿಕೆಯ ತೂತು ನನ್ನ ಬೆನ್ನಿಗೆ ಇನ್ನೂ ಗೊತ್ತು.

ಮಾರ್ಸೇಯ ಉತ್ತರದ ಗುಡ್ಡ, ಹನ್ನೊಂದನೇ ಮಹಡಿ.
ಲಿಫ್ಟು ಕೆಟ್ಟದ್ದು ಚುನಾವಣೆಗೆ ಮೊದಲೋ ಆಮೇಲೋ
ಎಂಬ ಜಗಳ ಇನ್ನೂ ಮುಗಿದಿಲ್ಲ.
ಆ ಎತ್ತರದ ಮಂಚದಲ್ಲಿ ಮಗ್ಗುಲಾದರೆ
ಬಂದರಿನ ಕ್ರೇನುಗಳ ಸಂದಿಯಲ್ಲಿ
ಒಂದು ಗೇಣು ಸಮುದ್ರ.

ಅಪ್ಪ ಶಾಲೆಯ ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ.
ಹಲಗೆಯ ಮೇಲೆ ಚಾಕು, ಹದಿನಾರು ಮಾತ್ರೆ,
ಆಮೇಲೆ ಉಸಿರು.
ವಾರದ ಊಟದ ಪಟ್ಟಿಯ ಬೆನ್ನಿಗೆ ಪ್ರಾಸ ಗೀಚುತ್ತಿದ್ದ.
ಒಮ್ಮೆ ಮರೆತು ಅದನ್ನೇ ತಿರುವಿ ಗೋಡೆಗಂಟಿಸಿ
ಮುನ್ನೂರು ಮಕ್ಕಳು ಮಂಗಳವಾರದ ಮೀನಿನ ಬದಲು
ಪೊಲೀಸರು ಚಿಕ್ಕಪ್ಪನ ಜೇಬು ತಡಕಿದ ಕತೆ ಓದಿಕೊಂಡರು.
ಒಂದು ದಿನದ ಸಂಬಳ ಕಡಿತ.
ಬಾಯಿಪಾಠ ಮಾಡಿಕೊಂಡವರು ಈಗಲೂ ಬಸ್ಸಲ್ಲಿ ಸಿಗುತ್ತಾರೆ.

ರೆಕಾರ್ಡಿಂಗು ಹ್ರಾಂತನ ಟೈರು ಅಂಗಡಿಯಲ್ಲಿ, ಶಟರು ಎಳೆದ ಮೇಲೆ.
ಪೇರಿಸಿದ ಟೈರುಗಳ ನಡುವೆ ನಿಂತರೆ
ಗೋಡೆ ಎದುರಾಡುವುದಿಲ್ಲ ಎನ್ನುತ್ತಿದ್ದ ಹ್ರಾಂತ್.
ಅಪ್ಪನ ದನಿಯಲ್ಲಿ ನನಗೆ ಇವತ್ತಿಗೂ ರಬ್ಬರಿನ ವಾಸನೆ.

ಟೂಲೂಜಿನಲ್ಲಿ ಒಂಬತ್ತು ಜನ ಕೇಳಲು ಬಂದಿದ್ದರಂತೆ,
ಇಬ್ಬರು ಮಳೆಗೆ ಒಳಬಂದವರು.
ಆ ಇಬ್ಬರಲ್ಲೇ ಒಬ್ಬ ಮೂರು ಕೊಂಡ.
ಶನಿವಾರ ರೈಲು ನಿಲ್ದಾಣದ ಮೆಟ್ಟಿಲು, ಹೆಗಲಿಗೆ ಚೀಲ.
ಮಾಲು ಮುಗಿದ ರಾತ್ರಿ
ನಾನು ಮಲಗಿದ್ದಂತೆಯೇ ಮೂಲೆ ಎತ್ತಿ ಪೆಟ್ಟಿಗೆ ಎಳೆದು
ಆ ಜಾಗಕ್ಕೆ ಅಮ್ಮನ ನಿಘಂಟು ತುರುಕುತ್ತಿದ್ದ.
ಒಂದು ತಿಂಗಳು ತಲೆ ಕೆಳಗೆ, ಒಂದು ತಿಂಗಳು ಕಾಲು.

ಒಂಬತ್ತು ತುಂಬುವಷ್ಟರಲ್ಲಿ ಸಮುದ್ರ ಹೋಯಿತು.
"ಅಪ್ಪಾ, ಇನ್ನು ಮಾರಬೇಡ."
ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದ:
"ಕೇಳಿದೆಯಾ ಶಮ್ಸಿಯಾ, ಇಷ್ಟು ಒಳ್ಳೇ ವಿಮರ್ಶೆ
ನನಗೆ ಯಾವ ಪತ್ರಿಕೆಯೂ ಬರೆದಿಲ್ಲ."

ಪ್ಯಾರಿಸ್ಸಿನಿಂದ ಕಂಪನಿಯವನೊಬ್ಬ ಬಂದ.
ಹನ್ನೊಂದು ಮಹಡಿ ಹತ್ತಿದ್ದಕ್ಕೆ ಅತ್ತರೂ ಸೋತಿತ್ತು.
ಕೂರಲು ಬೇರೆ ಜಾಗವಿಲ್ಲ, ನನ್ನ ಮಂಚದ ಮೇಲೇ ಕೂತ.
ದನಿ ಚೆನ್ನಾಗಿದೆ, ಮುಖವೂ ನಡೆಯುತ್ತದೆ,
ಹಕ್ಕುಗಳೆಲ್ಲ ನಮಗಿರಲಿ,
ಮತ್ತೆ ಆ ಅಜ್ಜಿಯ ಭಾಷೆಯ ನಾಲ್ಕು ಸಾಲು,
ಯಾರಿಗೂ ಅರ್ಥವಾಗದ್ದು, ತೆಗೆದುಬಿಟ್ಟರೆ...

ಆ ನಾಲ್ಕು ಸಾಲಲ್ಲಿ ಅರ್ಥವಿರಲೇ ಇಲ್ಲ.
ಬರೀ ಹೆಸರುಗಳು. ಒಂದು ದ್ವೀಪದಿಂದ ಇನ್ನೊಂದಕ್ಕೆ
ರಾತ್ರಿ ದೋಣಿ ಹತ್ತಿ ಮುಟ್ಟದವರದು.

ಅಪ್ಪ ಚಹಾಕ್ಕೆ ನೀರಿಟ್ಟ. ಏನೂ ಹೇಳಲಿಲ್ಲ.
ಅಮ್ಮನೇ ಹೇಳಿದಳು, "ಏಳಿ, ಮಗುವಿಗೆ ನಿದ್ದೆಯ ಹೊತ್ತು."
ಆಗ ಮಧ್ಯಾಹ್ನ ನಾಲ್ಕು ಗಂಟೆ.

ಆಮೇಲೆ ಫೋನಿನ ಕಾಲ. ಸಿ.ಡಿ. ಯಾರೂ ಕೇಳಲಿಲ್ಲ,
ಹಾಡನ್ನು ಒಂದು ಲಕ್ಷ ಸಲ ಕೇಳಿದರಂತೆ.
ಬಂದ ದುಡ್ಡಿಗೆ ಎರಡು ತಿಂಗಳ ಕರೆಂಟು, ನನಗೊಂದು ಜೊತೆ ಶೂ.
ಡಾಕ್ಟರು ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದಾಗ
"ಕೊನೆಗೂ ನನ್ನ ಮಾತ್ರೆ ಎಣಿಸುವವರು ಸಿಕ್ಕರು" ಎಂದ.
ನಕ್ಕಿದ್ದು ಅವನೊಬ್ಬನೇ.

ಎರಡು ವರ್ಷದಿಂದ ನನ್ನ ಬಾಗಿಲು ನೆಲದ ಮೇಲೇ ಇತ್ತು.
ನಾನೀಗ ದುಡಿಯುತ್ತೇನೆ, ನಿಜವಾದ ಮಂಚ ಕೊಳ್ಳಬಹುದಿತ್ತು.
ಕೊಳ್ಳಲಿಲ್ಲ.

ಕಳೆದ ವಾರ ಬಂದ ಹೊಸ ಸಿ.ಡಿ.ಗಳು, ಮುನ್ನೂರೇ.
ಕಾಲಿಗೆ ಎರಡು ಪೆಟ್ಟಿಗೆ, ಲೆಕ್ಕ ಸರಿಹೋಯಿತು.
ಮಲಗಿ ನೋಡಿದೆ. ಸಮುದ್ರವಿಲ್ಲ,
ಒಂದು ಕ್ರೇನಿನ ತುದಿ, ಅದರ ಕೆಂಪು ದೀಪ.

ಹನ್ನೆರಡೂವರೆಗೆ ಆಚೆಯಿಂದ ಗೋಡೆ ಬಡಿದ:
"ಅನ್ರಿಫಾ, ಎಚ್ಚರವಿದ್ದೀಯಾ? ಒಂದು ಪದ ಬೇಕಿತ್ತು."
"ಎಷ್ಟು ಮಾತ್ರೆಯದು?" ಎಂದೆ.